ಮಿಕ್ಸರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾರಿದೆ

ಸೋಮವಾರ ಪುಣೆಗೆ ಹೋಗಿ ಸಹಿ ಹಾಕಿ ಬಂದೆ. ನಮ್ಮ ಕಟ್ಟಡ ಗುತ್ತಿಗೆ ಕಂಪನಿಯ ಷೇರುಗಳೆಲ್ಲ ಒಂದು ದೊಡ್ಡ ಕಂಪನಿಯ ಹೆಸರಿಗೆ ಹೋದವು. ಅಂದಿನಿಂದ ಫೋನಿಗೆ ಬಿಡುವಿಲ್ಲ. ಅರ್ಧ ಜನ ಅಭಿನಂದನೆ ಹೇಳುತ್ತಾರೆ, ಇನ್ನರ್ಧ ಜನ "ಯಾಕ್ ಮಾರಿದ್ರಿ?" ಅಂತ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಮಾರಿದ್ದರ ಲೆಕ್ಕಕ್ಕಿಂತ ಯಾರ್ಯಾರ ಋಣ ಇದೆ ಅನ್ನೋದನ್ನ ಹೇಳಬೇಕು.

ಶುರುವಾದದ್ದು 1999ರಲ್ಲಿ, ಮುಳುಗಡೆಯಾದವರಿಗೆಂದು ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರೀಜಿ ಅಡಿಗಲ್ಲು ಹಾಕಿದ್ದು 1964ರಲ್ಲಿ, ಆಗ ನಾನು ಹುಟ್ಟಿರಲೇ ಇಲ್ಲ. ಹಿನ್ನೀರು ಬರುತ್ತದೆ ಅಂತ ಹಳೇ ಊರಿನ ತಗ್ಗಿನ ಓಣಿಗಳು ಖಾಲಿಯಾಗುವ ಹೊತ್ತಿಗೆ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಮುಗಿಸಿ, ಒಂದು ಸೆಕೆಂಡ್ ಹ್ಯಾಂಡ್ ಕಾಂಕ್ರೀಟ್ ಮಿಕ್ಸರ್ ತಗೊಂಡಿದ್ದೆ. ಊರು ಮುಳುಗಿದ್ದರಿಂದ ನನಗೆ ಅನ್ನ ಸಿಕ್ಕಿತು. ಇದನ್ನು ಹೇಳಲು ಇವತ್ತಿಗೂ ಮುಜುಗರ.

ಮೊದಲ ಮನೆ ಒಬ್ಬ ಆಯಿಯದು. ಹಳೇ ಮನೆಯ ಸಾಗವಾನಿ ಬಾಗಿಲನ್ನು ಚೌಕಟ್ಟು ಸಮೇತ ಚಕ್ಕಡಿಯಲ್ಲಿ ಹೇರಿಸಿಕೊಂಡು ಬಂದಿದ್ದರು. ನನ್ನ ನಕ್ಷೆಯಲ್ಲಿ ಬಾಗಿಲು ಏಳು ಅಡಿ. ಆಯಿಯದು ಐದೂವರೆ. ಆಗೋದಿಲ್ಲ ಅಂದುಬಿಟ್ಟೆ. ನಮ್ಮ ಗೌಂಡಿ ಕಾಕಾ ಬೀಡಿ ಆರಿಸಿದರು, ಚೌಕಟ್ಟನ್ನು ಗೇಣು ಹಾಕಿ ಅಳೆದರು. "ಸಾಹೇಬ್ರ, ನಕ್ಷಾ ನಿಮ್ದು, ಮನಿ ಆಯೀದು" ಅಂದರು. ಬಾಗಿಲ ಮೇಲೆ ಒಂದೂವರೆ ಅಡಿಯ ವೆಂಟಿಲೇಟರ್ ಕೂರಿಸಿ ಲಿಂಟಲ್ ಮಟ್ಟ ಸರಿ ಮಾಡಿದರು. ಆಯಿ ಈಗಿಲ್ಲ. ಬಾಗಿಲು ಇದೆ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಆಮೇಲೆ ಅದೇ ಸಾಲಿನ ನಾಲ್ಕು ಮನೆಗಳ ಕೆಲಸ ಕೊಡಿಸಿದ್ದು ಆಯಿಯೇ. ಮೊದಲ ನಮಸ್ಕಾರ ಅವರಿಗೆ.

ಮನೆಯಿಂದ ನೀರಿನ ಟ್ಯಾಂಕು, ಅಲ್ಲಿಂದ ಕಾಲುವೆ, ಸಣ್ಣ ಸೇತುವೆ. ಹೇಳಲು ಒಂದೇ ಸಾಲು, ಆಗಲು ಇಪ್ಪತ್ತು ವರ್ಷ. ಈ ಧಂದೆ ಗೊತ್ತಿಲ್ಲದವರಿಗೆ ಒಂದು ಮಾತು. ಕೆಲಸ ಮುಗಿದ ತಕ್ಷಣ ಹಣ ಬರಲ್ಲ. ಅಳತೆ ಎಂಬಿಗೆ, ಅಂದರೆ ಇಲಾಖೆಯ ಅಳತೆ ಪುಸ್ತಕಕ್ಕೆ, ಏರಬೇಕು, ಬಿಲ್ಲು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಬೇಕು, ಭದ್ರತಾ ಠೇವಣಿ ಅಂತ ಒಂದಿಷ್ಟು ಹಿಡಿದಿಟ್ಟಿರುತ್ತಾರೆ. ಆದರೆ ಶನಿವಾರದ ಬಟವಡೆ ಕಾಯೋದಿಲ್ಲ. ಕೆಲಸ ಜಾಸ್ತಿಯಾದಷ್ಟೂ ಈ ಗುಂಡಿ ದೊಡ್ಡದಾಗುತ್ತೆ. ಅದನ್ನು ವರ್ಷಗಟ್ಟಲೆ ತುಂಬಿದವರು ನಮ್ಮ ಹಾರ್ಡ್‌ವೇರ್ ಅಂಗಡಿ ಸಾವ್ಕಾರರು. ಸಿಮೆಂಟು, ಸ್ಟೀಲು ಎರಡೂ ಉದ್ರಿ. ಒಮ್ಮೆ ಬಾಕಿ ಕೇಳಲು ಬಂದವರು ನನ್ನ ಮುಖ ನೋಡಿ, ಚಹಾ ಕುಡಿದು, ಏನೂ ಕೇಳದೆ ವಾಪಸ್ ಹೋದರು.

2019ರ ಆಗಸ್ಟ್ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಮಲಪ್ರಭಾ, ಘಟಪ್ರಭಾ ಎರಡೂ ಒಟ್ಟಿಗೇ ಉಕ್ಕಿದವು. ಮುಧೋಳ ಕಡೆ ನಮ್ಮ ಸೇತುವೆಯೊಂದರ ಸೆಂಟ್ರಿಂಗ್, ಅಂದರೆ ಕಾಂಕ್ರೀಟಿಗೆ ಆಸರೆ ಕೊಟ್ಟ ಚೌಕಟ್ಟು, ಒಂದೇ ರಾತ್ರಿಯಲ್ಲಿ ಕೊಚ್ಚಿಹೋಯಿತು. ಅದರ ಸಾಲ ತೀರುವ ಮೊದಲೇ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು. ಹೆಂಡತಿಯ ಬಂಗಾರ ಬ್ಯಾಂಕಿಗೆ ಹೋಯಿತು. ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಪಾಟ್ಲಿ ತಂದು ಕೈಗೆ ಕೊಟ್ಟರೆ ಆಕೆ ಮೊದಲು ತೂಕ ಮಾಡಿಸಿದಳು! ನಮ್ಮ ಲೆಕ್ಕ ಅಷ್ಟು ವರ್ಷ ಸರಿ ಇದ್ದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಇನ್ನು ಮಾರಿದ್ದು ಯಾಕೆ. ಟೆಂಡರ್ ದೊಡ್ಡದಾದಷ್ಟೂ ಹಿಂದೆ ಮಾಡಿದ ಅಂಥದ್ದೇ ಕೆಲಸ, ವಹಿವಾಟು, ಬ್ಯಾಂಕ್ ಗ್ಯಾರಂಟಿ ಎಲ್ಲ ಕೇಳುತ್ತಾರೆ. ಕೆಲಸ ಮಾಡುವ ತಾಕತ್ತು ನಮಗಿತ್ತು. ಗ್ಯಾರಂಟಿಗೆ ಒತ್ತೆ ಇಡಲು ಆಸ್ತಿ ಇರಲಿಲ್ಲ. ದೊಡ್ಡವರ ಕೈಕೆಳಗೆ ತುಂಡು ಗುತ್ತಿಗೆ ಮಾಡಿಕೊಂಡಿರಬೇಕು, ಇಲ್ಲ ಅವರ ಜೊತೆ ಸೇರಬೇಕು. ನನಗೂ ಬಿಪಿ, ಮಗಳಿಗೆ ಈ ಧೂಳು ಬೇಡ. ಸೇರಿದೆವು.

ಸಹಿಗೆ ಮುಂಚೆ ಕೊಳ್ಳುವ ಕಂಪನಿಯ ತಂಡ ಮೂರು ವಾರ ನಮ್ಮ ಕಪಾಟು ಜಾಲಾಡಿತು. ಅಲ್ಲಿ ಒಂದು ಹಳೇ ಕ್ಯೂಬ್ ಟೆಸ್ಟ್ (ಕಾಂಕ್ರೀಟ್ ಗಟ್ಟಿಯನ್ನು ಒತ್ತಿ ಬಲ ನೋಡುವ ಪರೀಕ್ಷೆ) ಫೈಲು ಸಿಕ್ಕಿತು. ಶಾಲೆಯೊಂದರ ಸ್ಲ್ಯಾಬು, ಎಂ20 ಕಾಂಕ್ರೀಟು. 28 ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳಬೇಕು, ನಮ್ಮದು 15ರ ಆಸುಪಾಸು ನಿಂತಿತ್ತು. ಕತ್ತಲಾಗುತ್ತೆ ಅಂತ ಅವಸರದಲ್ಲಿ ಮಿಕ್ಸರಿಗೆ ನೀರು ಜಾಸ್ತಿ ಬಿಟ್ಟಿದ್ದೆವು. ತಪ್ಪು ಪೂರ್ತಿ ನಮ್ಮದೇ. ನಾನು ಹೇಗಾದರೂ ಉಳಿಸಿಕೊಳ್ಳಬಹುದಾ ಅಂತ ಲೆಕ್ಕ ಹಾಕುತ್ತಿದ್ದರೆ ಕಾಕಾ ಸುಮ್ನೆ ಸುತ್ತಿಗೆ ಎತ್ತಿಕೊಂಡು ಮೇಲೆ ಹತ್ತಿದರು. ಒಡೆದು ಮತ್ತೆ ಹಾಕಿದೆವು. ಆ ವರ್ಷದ ಲಾಭ ಅಲ್ಲಿಗೇ ಹೋಯಿತು. ಬಂದ ಇಂಜಿನಿಯರು ಆ ಫೈಲನ್ನು ಅರ್ಧ ಗಂಟೆ ಓದಿ ಜೆರಾಕ್ಸ್ ಮಾಡಿಸಿಕೊಂಡರು. ಒಂದು ಮಾತೂ ಆಡಲಿಲ್ಲ. ಅದರಿಂದ ರೇಟು ಏರಿತೋ ಇಳಿಯಿತೋ ನನಗೆ ಇನ್ನೂ ತಿಳಿದಿಲ್ಲ.

ನಮ್ಮ ಹುಡುಗರಿಗೆ: ನಿಮ್ಮ ಕೆಲಸ, ಪಿಎಫ್, ಪಗಾರದ ತಾರೀಖು ಯಾವುದೂ ಬದಲಾಗಲ್ಲ ಅಂತ ಕರಾರಿನಲ್ಲೇ ಬರೆಸಿದ್ದೇನೆ. ಎರಡು ವರ್ಷ ನಾನೂ ಇರುತ್ತೇನೆ. ಮಾರಿದ ಹಣದ ಒಂದು ಭಾಗ ಕೈಗೆ ಬರೋದು, ಹಿಡಿದ ಕೆಲಸಗಳು ಮುಗಿದ ಮೇಲೆಯೇ. ಹಾಗಾಗಿ ರಜೆ ಕೇಳುವಾಗ ನನ್ನ ಮೇಲೆ ದಯೆ ಇರಲಿ.

ಆಸ್ತಿ ಪಟ್ಟಿಯಲ್ಲಿ ಮೊದಲ ಮಿಕ್ಸರಿನ ಬೆಲೆ ಸೊನ್ನೆ ಅಂತಿತ್ತು. ಪಟ್ಟಿಯಿಂದ ಅದರ ಹೆಸರು ತೆಗೆಸಿ ಕಾಕಾಗೆ ಕೊಟ್ಟೆ. ಈಗ ಅದು ಕಲಾದಗಿ ಹತ್ತಿರದ ಅವರ ಹಿತ್ತಲಲ್ಲಿದೆ. ಭಾನುವಾರ ಮಧ್ಯಾಹ್ನ ಅಲ್ಲೇ ಊಟ. ಗೋದಿ ಹುಗ್ಗಿ, ರೊಟ್ಟಿ, ಎಣ್ಣೆಗಾಯಿ. ನಮ್ಮಿಂದ ಬಾಕಿ ಬರಬೇಕಾದವರು ಚೀಟಿ ತಗೊಂಡೇ ಬನ್ನಿ, ಹೆಂಡತಿ ಲೆಕ್ಕದ ಪುಸ್ತಕ ಹಿಡಿದು ಕೂತಿರುತ್ತಾಳೆ.