ಮೆಕ್‌ನಲ್ಟಿ ಅಂಥವನೇ ಮಾರಾಯ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಭಾನುವಾರ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. 'ದಿ ವೈರ್' ಅನ್ನುವ ಆ ಅಮೆರಿಕದ ಪೊಲೀಸ್ ಸೀರಿಯಲ್ ನಾಲ್ಕು ಸೀಸನ್ ಚಿನ್ನದಂಥದ್ದು, ಐದನೆಯದರಲ್ಲಿ ಡಿಟೆಕ್ಟಿವ್ ಮೆಕ್‌ನಲ್ಟಿಯನ್ನು ಕೆಡಿಸಿಬಿಟ್ಟರು, ಅವನು ಸುಳ್ಳು ಕೇಸು ಕಟ್ಟುವಂಥ ಕೆಲಸ ಮಾಡುವವನೇ ಅಲ್ಲ ಅಂದೆ. ಆಗ ಪಕ್ಕದಲ್ಲಿ ಮಗಳು ಹೋಂವರ್ಕ್ ಹಿಡಿದು ಕೂತಿದ್ದಳು, ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ. ಆ ಸೀರಿಯಲ್ ನೋಡಬೇಕು ಅಂತಿರುವವರು ಇದನ್ನು ಆಮೇಲೆ ಓದಲಿ, ಕೊನೆಯವರೆಗಿನ ಕಥೆ ಬರುತ್ತದೆ.

ಅವನು ಅಂಥವನೇ ಮಾರಾಯ. ಮೊದಲ ಎಪಿಸೋಡಿನಿಂದಲೂ ಅಂಥವನೇ. ನಾವು ಅವನ ಪಕ್ಷ ವಹಿಸಿ ನೋಡುತ್ತಾ ಬಂದೆವು, ಹಾಗಾಗಿ ಕಾಣಲಿಲ್ಲ.

ಆ ಮೊದಲ ಎಪಿಸೋಡನ್ನು ನೆನಪು ಮಾಡಿಕೋ. 2002ರಲ್ಲಿ ಎಚ್‌ಬಿಒದಲ್ಲಿ ಬಂದದ್ದು. ಬಾಲ್ಟಿಮೋರಿನ ಕೋರ್ಟಿನಲ್ಲಿ ಡಿ'ಆಂಜೆಲೊ ಅನ್ನುವ ಹುಡುಗ ಕೊಲೆ ಕೇಸಿನಿಂದ ಬಿಡುಗಡೆ ಆಗುತ್ತಾನೆ, ಏಕೆಂದರೆ ಸಾಕ್ಷಿಗೆ ಬಂದ ಹೆಂಗಸು ಎಲ್ಲರೆದುರು ಮಾತು ಬದಲಿಸುತ್ತಾಳೆ. ಆ ಕೇಸು ಮೆಕ್‌ನಲ್ಟಿಯದಲ್ಲ. ಸುಮ್ನೆ ಬಂದು ಹಿಂದೆ ಕೂತು ನೋಡುತ್ತಿದ್ದ ಅಷ್ಟೆ. ಆಮೇಲೆ ಜಡ್ಜ್ ತಮ್ಮ ಕೋಣೆಗೆ ಕರೆದಾಗ ಇವನು ಎಲ್ಲ ಹೇಳಿಬಿಡುತ್ತಾನೆ: ಈ ಹುಡುಗನ ಸೋದರಮಾವ ಏವನ್ ಬಾರ್ಕ್ಸ್‌ಡೇಲ್ ಊರಿನ ಪಶ್ಚಿಮ ಭಾಗದ ಡ್ರಗ್ಸ್ ವ್ಯಾಪಾರ ಕೈಯಲ್ಲಿಟ್ಟುಕೊಂಡಿದ್ದಾನೆ, ಕೊಲೆಯ ಮೇಲೆ ಕೊಲೆ ಮಾಡಿಸಿದ್ದಾನೆ, ನಮ್ಮ ಇಲಾಖೆಯಲ್ಲಿ ಅವನ ಕಡೆ ತಿರುಗಿ ನೋಡಿದವರೇ ಇಲ್ಲ ಅಂತ. ಜಡ್ಜ್ ಫೋನ್ ಎತ್ತುತ್ತಾರೆ. ಮೇಲಿನವರು ಇವನ ಮೇಲಧಿಕಾರಿ ಮೇಜರ್ ರಾಲ್ಸ್ ಮೇಲೆ ಹರಿಹಾಯುತ್ತಾರೆ, ರಾಲ್ಸ್ ಇವನ ಮೇಲೆ.

ಅವನು ಹೇಳಿದ್ದೆಲ್ಲ ನಿಜ. ತೊಂದರೆ ಇರೋದೇ ಅಲ್ಲಿ. ಮೆಕ್‌ನಲ್ಟಿ ಹೆಚ್ಚುಕಮ್ಮಿ ಯಾವಾಗಲೂ ಸರಿಯಾಗಿಯೇ ಇರುತ್ತಾನೆ. ತಾನು ಸರಿ ಅಂತ ಗೊತ್ತಾದ ಮೇಲೆ ಮೇಲಿನವರನ್ನು ದಾಟಬಹುದು, ಜೊತೆಯವರಿಂದ ಮುಚ್ಚಿಡಬಹುದು, ಯಾರನ್ನು ಬೇಕಾದರೂ ಮುಂದೆ ತಳ್ಳಬಹುದು ಅಂದುಕೊಳ್ಳುತ್ತಾನೆ. ಕುಡಿತ, ಹೆಂಗಸರ ಸಹವಾಸ, ಮುರಿದ ಮದುವೆ, ಇವೆಲ್ಲ ಬೇಗ ಕಣ್ಣಿಗೆ ಬೀಳುವ ದೋಷಗಳು. ಕುಡಿದು ಕಾರನ್ನು ಸೇತುವೆಯ ಕಂಬಕ್ಕೆ ಗುದ್ದಿ, ಇಳಿದು ನೋಡಿ, ತಿರುವು ಎಲ್ಲಿ ತಪ್ಪಿತು ಅಂತ ಲೆಕ್ಕ ಹಾಕಿ, ಮತ್ತೆ ಹೋಗಿ ಅದೇ ಕಂಬಕ್ಕೆ ಗುದ್ದುತ್ತಾನಲ್ಲ, ನಾವಿಬ್ಬರೂ ಎಷ್ಟು ನಕ್ಕಿದ್ದೆವು. ಈಗ ಆ ದೃಶ್ಯ ನೋಡಿದರೆ ನಗು ಬರುವುದಿಲ್ಲ. ರಸ್ತೆ ತಪ್ಪು, ನಾನಲ್ಲ ಅಂತ ನಂಬುವ ಮನುಷ್ಯ ಅವನು.

ಮಕ್ಕಳ ವಿಷಯ ನೋಡು. ಮಾರುಕಟ್ಟೆಯಲ್ಲಿ ಏವನ್ ಬಾರ್ಕ್ಸ್‌ಡೇಲ್‌ನ ಬಲಗೈ ಸ್ಟ್ರಿಂಗರ್ ಬೆಲ್ ಅಕಸ್ಮಾತ್ ಕಣ್ಣಿಗೆ ಬೀಳುತ್ತಾನೆ. ಇವನು ತನ್ನ ಇಬ್ಬರು ಗಂಡುಮಕ್ಕಳನ್ನೇ ಅವನ ಹಿಂದೆ ಬಿಡುತ್ತಾನೆ, ಆಟ ಆಡಿಸುವವರ ಹಾಗೆ. ಆಮೇಲೆ ಮಕ್ಕಳೇ ಕಾಣುವುದಿಲ್ಲ, ಗಾಬರಿಯಾಗಿ ಹುಡುಕುತ್ತಾನೆ. ಕೊನೆಗೆ ಸಿಕ್ಕ ಹುಡುಗ ಕಾರಿನ ನಂಬರ್ ಬರೆದುಕೊಂಡು ಬಂದಿರುತ್ತಾನೆ. ಅಪ್ಪನಿಗೆ ಹೆಮ್ಮೆ. ನಾನು ಅಪ್ಪನಾದ ಮೇಲೆ ಎರಡನೇ ಸಲ ನೋಡುವಾಗ ಅಲ್ಲಿ ನಿಲ್ಲಿಸಿ, ಎದ್ದು ಹೋಗಿ ನೀರು ಕುಡಿದು ಬಂದೆ. ಕೊಲೆಗಾರನ ಹಿಂದೆ ಮಗುವನ್ನು ಕಳಿಸಿದ್ದಾನೆ ಕಣೋ. ಆ ನಂಬರ್ ಕೇಸಿಗೆ ಉಪಯೋಗಕ್ಕೂ ಬಂತು. ಈ ಸೀರಿಯಲ್ ಬರೆದವರ ಮೇಲೆ ನನಗೆ ಗೌರವ ಹೆಚ್ಚಾಗಿದ್ದು ಅದಕ್ಕೇ. ತಪ್ಪು ಮಾಡಿದ ಕೂಡಲೇ ಅವನಿಗೆ ಪೆಟ್ಟು ಬಿದ್ದಿದ್ದರೆ ನಮಗೂ ಸಮಾಧಾನ ಆಗಿಬಿಡುತ್ತಿತ್ತು. ಹಾಗೆ ಆಗುವುದಿಲ್ಲ. ತಪ್ಪಿಗೆ ಫಲ ಸಿಗುತ್ತದೆ, ಆದ್ದರಿಂದ ಮತ್ತೆ ಮಾಡುತ್ತಾನೆ.

ಬರೆದವರು ಈ ಜನರನ್ನು ಹತ್ತಿರದಿಂದ ಕಂಡವರು. ಡೇವಿಡ್ ಸೈಮನ್ 'ಬಾಲ್ಟಿಮೋರ್ ಸನ್' ಪತ್ರಿಕೆಯ ಕ್ರೈಂ ವರದಿಗಾರರಾಗಿದ್ದವರು, 1988ರಲ್ಲಿ ಒಂದು ವರ್ಷ ಪೂರ್ತಿ ಅಲ್ಲಿನ ಕೊಲೆ ತನಿಖಾ ವಿಭಾಗದ ಜೊತೆಗೇ ಓಡಾಡಿದವರು. ಎಡ್ ಬರ್ನ್ಸ್ ಅದೇ ಊರಿನ ಪೊಲೀಸ್ ಇಲಾಖೆಯಲ್ಲಿ ಡಿಟೆಕ್ಟಿವ್ ಆಗಿದ್ದವರು, ಆಮೇಲೆ ಶಾಲಾ ಮೇಷ್ಟ್ರು. ಹಾಗಾಗಿಯೇ ಫೋನ್ ಕದ್ದು ಕೇಳುವ ಕೆಲಸ ಅಷ್ಟು ನಿಧಾನಕ್ಕೆ, ಅಷ್ಟು ಬೇಜಾರಾಗುವ ಹಾಗೆ ನಡೆಯುತ್ತದೆ. ಬೇರೆ ದಾರಿ ಉಳಿದಿಲ್ಲ ಅಂತ ಜಡ್ಜ್ ಮುಂದೆ ತೋರಿಸಬೇಕು. ಬೂತಿನಲ್ಲಿ ಫೋನ್ ಹಿಡಿದವನು ನಮಗೆ ಬೇಕಾದವನೇ ಅಂತ ಒಬ್ಬ ಮಹಡಿಯ ಮೇಲೆ ನಿಂತು ಕಣ್ಣಾರೆ ನೋಡಬೇಕು, ಆಗ ಮಾತ್ರ ಕೇಳಬಹುದು. ವ್ಯಾಪಾರದ ಮಾತು ಅಲ್ಲದಿದ್ದರೆ ನಿಲ್ಲಿಸಬೇಕು. ಈ ನಿಯಮಗಳನ್ನೆಲ್ಲ ಮೊದಲ ಸೀಸನ್‌ನಲ್ಲೇ ನಮ್ಮ ತಲೆಗೆ ತುಂಬಿದ್ದು ಏತಕ್ಕೆ ಅಂತ ಐದನೆಯದರಲ್ಲಿ ಗೊತ್ತಾಗುತ್ತದೆ.

ಎರಡನೇ ಸೀಸನ್‌ನ ಸೇಡು ನಿನಗೆ ತುಂಬಾ ಇಷ್ಟ ಅಲ್ವಾ? ರಾಲ್ಸ್ ಇವನನ್ನು ಬಂದರಿನ ಪೊಲೀಸ್ ದೋಣಿಗೆ ಹಾಕಿರುತ್ತಾನೆ, ಎಲ್ಲಿಗೆ ಹೋಗಲು ಇಷ್ಟವಿರಲಿಲ್ಲವೋ ಅಲ್ಲಿಗೇ. ನೀರಿನಲ್ಲಿ ಒಬ್ಬ ಹುಡುಗಿಯ ಹೆಣ ಸಿಗುತ್ತದೆ, ಕಂಟೈನರಿನಲ್ಲಿ ಇನ್ನೂ 13 ಹೆಂಗಸರು ಸತ್ತಿರುತ್ತಾರೆ. ಮೆಕ್‌ನಲ್ಟಿ ಗಾಳಿ, ಅಲೆ, ಉಬ್ಬರವಿಳಿತದ ಲೆಕ್ಕ ತೆಗೆದು ಆ ಸಾವುಗಳೆಲ್ಲ ನಗರದ ಲೆಕ್ಕಕ್ಕೇ ಸೇರಬೇಕು ಅಂತ ಸಾಬೀತು ಮಾಡುತ್ತಾನೆ. ರಾಲ್ಸ್‌ನ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ, ಅಂದರೆ ಬಗೆಹರಿಯದ ಕೇಸು ಅಂತ, 14 ಕೊಲೆ. ನಾವು ಚಪ್ಪಾಳೆ ಹೊಡೆದೆವು. ಆದರೆ ಆ 14 ಕೊಲೆಯ ಫೈಲು ಹೊತ್ತವರು ಯಾರು? ಬಂಕ್ ಮತ್ತು ಲೆಸ್ಟರ್. ಇವನ ಜೀವದ ಗೆಳೆಯರು! ರಾಲ್ಸ್‌ಗೆ ಎಸೆದ ಕಲ್ಲು ಬಂಕ್‌ನ ತಲೆಗೆ ಬಿತ್ತು. ಒಂದು ಮಾತನ್ನು ಮಾತ್ರ ಅವನ ಪರವಾಗಿ ಹೇಳಲೇಬೇಕು. ನೀರಿನಲ್ಲಿ ಸಿಕ್ಕ ಆ ಹುಡುಗಿಯ ಹೆಸರನ್ನಾದರೂ ತಿಳಿಯಬೇಕು ಅಂತ ಅಲೆದವನು ಅವನೊಬ್ಬನೇ, ಮತ್ತು ಅದರಿಂದ ಅವನಿಗೆ ಯಾವ ಲಾಭವೂ ಇರಲಿಲ್ಲ. ಹೆಸರು ಸಿಗಲಿಲ್ಲ.

ಇದೆಲ್ಲ ನನಗೆ ಇಷ್ಟು ತಾಗುವುದಕ್ಕೆ ಕಾರಣ ಇದೆ, ನಿನಗೆ ಹೇಳಿರಲಿಲ್ಲ. ಹಳೆಯ ಕಂಪನಿಯಲ್ಲಿದ್ದಾಗ ಒಂದು ಟೆಸ್ಟ್ ರಿಪೋರ್ಟನ್ನು ಸುಳ್ಳು ಬರೆದು ಕಳಿಸುತ್ತಿದ್ದರು. ನಾನು ಮ್ಯಾನೇಜರನ್ನು ದಾಟಿ ನೇರ ಗ್ರಾಹಕರಿಗೇ ತಿಳಿಸಿದೆ. ನಾನು ಹೇಳಿದ್ದು ನಿಜ, ಅದನ್ನು ಅವರೂ ಒಪ್ಪಿದರು. ಆದರೆ ಕೆಲಸ ಹೋದದ್ದು ರಿಪೋರ್ಟ್ ಟೈಪ್ ಮಾಡಿದ್ದ ಇಬ್ಬರು ಹೊಸ ಹುಡುಗರದ್ದು. ಅವರನ್ನು ಒಂದು ಮಾತು ಕೇಳಿರಲಿಲ್ಲ ನಾನು. ಕೇಳಬೇಕು ಅಂತ ಹೊಳೆದಿರಲೂ ಇಲ್ಲ. ನಾನು ಸರಿ ಇದ್ದೆನಲ್ಲ. ಒಬ್ಬ ಆಮೇಲೆ ಬಸ್ ಸ್ಟಾಂಡಿನಲ್ಲಿ ಸಿಕ್ಕಿದ್ದ, ನಮಸ್ಕಾರ ಸರ್ ಅಂದ, ಊಟ ಆಯ್ತಾ ಅಂತ ಕೇಳಿದ.

ಈಗ ನಾಲ್ಕನೇ ಸೀಸನ್. ಅದರಲ್ಲಿ ಮೆಕ್‌ನಲ್ಟಿ ಕಾಣುವುದೇ ಕಡಿಮೆ. ಯೂನಿಫಾರ್ಮ್ ಹಾಕಿ ಬೀದಿ ಗಸ್ತಿಗೆ ಹೋಗುತ್ತಾನೆ, ಸಂಜೆ ಗೆಳತಿಯ ಮನೆಗೆ ಬಂದು ಊಟ ಮಾಡುತ್ತಾನೆ, ಕುಡಿತ ಕಡಿಮೆಯಾಗಿದೆ, ಆ ಮನೆಯ ಮಕ್ಕಳಿಗೆ ಇವನು ಬೇಕು. ಅಂಥ ಬುದ್ಧಿವಂತ ತನಿಖೆಗಾರ ತನಿಖೆ ಬಿಟ್ಟಾಗಲೇ ನೆಮ್ಮದಿಯಾಗಿರುತ್ತಾನೆ. ಮತ್ತೆ ಹಳೆಯ ಕೆಲಸಕ್ಕೆ ಅವನನ್ನು ಎಳೆದದ್ದು ಬೋಡಿಯ ಸಾವು. ಬೀದಿಯಲ್ಲಿ ಡ್ರಗ್ಸ್ ಮಾರುವ ಆ ಹುಡುಗನನ್ನು ಇವನು ಊಟಕ್ಕೆ ಕರೆದುಕೊಂಡು ಹೋಗಿ, ಮನುಷ್ಯನ ಹಾಗೆ ಮಾತಾಡಿಸುತ್ತಾನೆ. ಇವರಿಬ್ಬರು ಜೊತೆಗಿದ್ದದ್ದನ್ನು ಯಾರೋ ನೋಡಿ ಡ್ರಗ್ಸ್ ಗುಂಪಿನ ಯಜಮಾನ ಮಾರ್ಲೊಗೆ ಮುಟ್ಟಿಸುತ್ತಾರೆ. ಬೋಡಿಯನ್ನು ಕೊಲ್ಲುತ್ತಾರೆ. ಆ ಸಂಕಟವೇ ಇವನನ್ನು ಮಾರ್ಲೊ ಹಿಂದೆ ಕಳಿಸುತ್ತದೆ. ಅಂದರೆ ಐದನೇ ಸೀಸನ್‌ನ ಸುಳ್ಳು ಕೆಟ್ಟತನದಿಂದ ಹುಟ್ಟಿದ್ದಲ್ಲ, ಮಂಜು. ಅದರ ಬುಡದಲ್ಲಿ ಒಬ್ಬ ಸತ್ತ ಹುಡುಗ ಇದ್ದಾನೆ.

ಪಾಳು ಮನೆಗಳಲ್ಲಿ 22 ಹೆಣ ಸಿಕ್ಕಿವೆ. ಮಾಡಿಸಿದವನು ಮಾರ್ಲೊ ಅಂತ ಎಲ್ಲರಿಗೂ ಗೊತ್ತು. ಆದರೆ ನಗರದ ಹತ್ತಿರ ದುಡ್ಡಿಲ್ಲ, ಶಾಲೆಗಳ ಲೆಕ್ಕದಲ್ಲಿ ದೊಡ್ಡ ತೂತು ಬಿದ್ದಿದೆ, ಪೊಲೀಸರ ಓವರ್‌ಟೈಮ್ ನಿಂತಿದೆ, ಕಾರುಗಳ ರಿಪೇರಿಯೂ ಇಲ್ಲ. ತನಿಖೆಯನ್ನೇ ಮುಚ್ಚುತ್ತಾರೆ. ಆ ವರ್ಷಗಳಲ್ಲಿ ನಿಜವಾದ ಬಾಲ್ಟಿಮೋರಿನಲ್ಲೂ ವರ್ಷಕ್ಕೆ 250ಕ್ಕಿಂತ ಜಾಸ್ತಿ ಕೊಲೆ ಆಗುತ್ತಿದ್ದವು ಅನ್ನೋದು ನೆನಪಿರಲಿ. ಆಗ ಮೆಕ್‌ನಲ್ಟಿ ಸಹಜವಾಗಿ ಸತ್ತ ಬೀದಿಬದಿಯ ಮನುಷ್ಯನ ಕುತ್ತಿಗೆ ಒತ್ತಿ ಗುರುತು ಮಾಡುತ್ತಾನೆ, ಮಣಿಕಟ್ಟಿಗೆ ಕೆಂಪು ರಿಬ್ಬನ್ ಕಟ್ಟುತ್ತಾನೆ. ಇಲ್ಲದ ಸರಣಿ ಕೊಲೆಗಾರನೊಬ್ಬ ಹುಟ್ಟುತ್ತಾನೆ. ದುಡ್ಡು ಹರಿದು ಬರುತ್ತದೆ. ಸಹೋದ್ಯೋಗಿಗಳು ಸಾಲುಗಟ್ಟಿ ಬಂದು ಓವರ್‌ಟೈಮ್ ಕೇಳಿದಾಗ ಇವನು ಸಹಿ ಹಾಕಿ ಕೊಡುತ್ತಾನೆ, ಅವರವರ ನಿಜವಾದ ಕೇಸುಗಳು ಮುಂದೆ ಸಾಗಲಿ ಅಂತ. ಅಲ್ಲಿ ಅವನು ದೊಡ್ಡ ಮನಸ್ಸಿನ ಸಾಹೇಬನ ಹಾಗೆ ಕಾಣುತ್ತಾನೆ.

ಇದು ಬೇರೆ ಮೆಕ್‌ನಲ್ಟಿ ಅಂತ ಹೇಗೆ ಅನ್ನುತ್ತೀಯೋ? ಜಡ್ಜ್ ಕೋಣೆಯಲ್ಲಿ ಮಾತಾಡಿದವನೇ ಇವನು. ಉಬ್ಬರವಿಳಿತದ ಲೆಕ್ಕ ತೆಗೆದವನೇ ಇವನು. ಆಗ ನಿಜ ಹೇಳಿ ಇಲಾಖೆಯನ್ನು ಅಲ್ಲಾಡಿಸಿದ, ಈಗ ಸುಳ್ಳು ಹೇಳಿ. ದಾರಿ ಅದೇ.

ಅದೇ ಸೀಸನ್‌ನಲ್ಲಿ ಬಂಕ್ ಏನು ಮಾಡುತ್ತಾನೆ ನೋಡು. ಬೈದು, ಜಗಳ ಮಾಡಿ, ಹಳೆಯ ಫೈಲುಗಳ ಪೆಟ್ಟಿಗೆ ಬಿಚ್ಚಿ ಕೂರುತ್ತಾನೆ. ಲ್ಯಾಬಿಗೆ ಅಲೆದು, ಡಿಎನ್‌ಎ ಹೊಂದಿಸಿ, ಮಾರ್ಲೊನ ಬಲಗೈ ಕ್ರಿಸ್‌ನನ್ನು ಹಿಡಿಯುತ್ತಾನೆ. ಒಂದು ಸುಳ್ಳೂ ಇಲ್ಲ. ಇತ್ತ ಲೆಸ್ಟರ್ ಆ ಸುಳ್ಳು ಕೇಸಿನ ನೆಪದಲ್ಲಿ ಮಾರ್ಲೊ ಮೇಲೆ ಹಾಕಿದ ಫೋನ್ ಕದ್ದಾಲಿಕೆ ಕಾನೂನಿಗೆ ಹೊರಗಿನದು, ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮಾರ್ಲೊ ಸೂಟು ಹಾಕಿಕೊಂಡು ಹೊರಗೆ ಬರುತ್ತಾನೆ. ಅಷ್ಟು ದೊಡ್ಡ ನಾಟಕ ಮಾಡಿ ಕೊನೆಗೆ ಕೈಗೆ ಬಂದದ್ದು ಏನು ಹೇಳು. ಅದಕ್ಕಿಂತ ಕೆಟ್ಟದ್ದು, ಪೇಪರ್ ಓದಿದ ಯಾವನೋ ತಲೆ ಕೆಟ್ಟವನು ನಿಜವಾಗಿಯೇ ಬೀದಿಯವರನ್ನು ಕೊಲ್ಲುತ್ತಾನೆ. ಆ ಹೆಣದ ಮುಂದೆ ಮೆಕ್‌ನಲ್ಟಿಯ ಮುಖ ನೋಡಿದ್ದೀಯಾ? ಆ ಪಾತ್ರ ಮಾಡಿದ ಡೊಮಿನಿಕ್ ವೆಸ್ಟ್ ಅಲ್ಲಿ ಏನೂ ಮಾಡುವುದಿಲ್ಲ, ಸುಮ್ಮನೆ ನಿಲ್ಲುತ್ತಾನೆ.

ಎಫ್‌ಬಿಐನವರು ಆ ಇಲ್ಲದ ಕೊಲೆಗಾರನ ಸ್ವಭಾವ ಓದಿ ಹೇಳುವ ದೃಶ್ಯ ನನಗೆ ಇಡೀ 60 ಎಪಿಸೋಡುಗಳಲ್ಲೇ ದೊಡ್ಡದು. ಸರ್ಕಾರಿ ಕೆಲಸದವನಿರಬಹುದು, ಮೇಲಿನವರನ್ನು ಕಂಡರೆ ಆಗದವನು, ತಾನು ಎಲ್ಲರಿಗಿಂತ ಬುದ್ಧಿವಂತ ಅಂದುಕೊಂಡವನು, ಸಂಬಂಧ ಉಳಿಸಿಕೊಳ್ಳಲಾರದವನು, ಕುಡುಕ. ಇವನು ಎದುರು ಕೂತು ಕೇಳುತ್ತಾನೆ. ಇಷ್ಟು ವರ್ಷ ಹೆಂಡತಿ, ಬಂಕ್, ಲೆಸ್ಟರ್ ಎಲ್ಲರೂ ಹೇಳಿದ್ದನ್ನು ಗುರುತು ಪರಿಚಯ ಇಲ್ಲದವರು ಕಾಗದ ನೋಡಿ ಓದುತ್ತಾರೆ.

ಹಾಗಂತ ಅವನನ್ನು ದ್ವೇಷ ಮಾಡೋಕೆ ನನ್ನಿಂದ ಆಗಲ್ಲ. ಮೊದಲ ಸೀಸನ್‌ನಲ್ಲಿ ಜೊತೆಯ ಡಿಟೆಕ್ಟಿವ್ ಕೀಮಾಗೆ ಗುಂಡು ಬಿದ್ದ ರಾತ್ರಿ ಆಸ್ಪತ್ರೆಯಲ್ಲಿ, ಕೈಗೆಲ್ಲ ರಕ್ತ ಮೆತ್ತಿಕೊಂಡು ಕೂತಿರುತ್ತಾನೆ. ರಾಲ್ಸ್ ಬಂದು ಪಕ್ಕದಲ್ಲಿ ಕೂರುತ್ತಾನೆ. ನೀನು ಎಂಥ ದರಿದ್ರದವನು ಅಂತ ನನಗೆ ಗೊತ್ತು, ಆದರೆ ಇದು ನಿನ್ನ ತಪ್ಪಲ್ಲ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಇವನನ್ನು ಮುಗಿಸಲು ಕಾಯುತ್ತಿದ್ದ ಮನುಷ್ಯ! ಆ ರಾತ್ರಿಯ ನೋವು ನಿಜ. ಐದನೇ ಸೀಸನ್‌ನಲ್ಲಿ ಸುಳ್ಳಿನ ವಿಷಯ ಮೇಲಿನವರಿಗೆ ತಿಳಿಸಿದವಳೂ ಕೀಮಾನೇ, ಸತ್ತವರ ಮನೆಯವರನ್ನು ಮಾತಾಡಿಸಿ ಬಂದ ಮೇಲೆ ಅವಳಿಗೆ ಅದನ್ನು ನುಂಗಿಕೊಳ್ಳಲು ಆಗಲಿಲ್ಲ. ಇವನು ಅವಳ ಮೇಲೆ ಸಿಟ್ಟಾಗುವುದಿಲ್ಲ. ಅದನ್ನು ಗಮನಿಸು.

ಕೊನೆಯದನ್ನೂ ಇನ್ನೊಮ್ಮೆ ನೋಡು. ಕೆಲಸ ಹೋಗಿದೆ. ನಾಟಕಕ್ಕಾಗಿ ಬೇರೆ ಊರಿಗೆ ಸಾಗಿಸಿಬಿಟ್ಟಿದ್ದ, ಬುದ್ಧಿ ಸರಿಯಿಲ್ಲದ ಆ ಲ್ಯಾರಿಯನ್ನು ವಾಪಸ್ ಕರೆತರಲು ರಿಚ್ಮಂಡ್‌ವರೆಗೆ ತಾನೇ ಕಾರು ಓಡಿಸಿಕೊಂಡು ಹೋಗುತ್ತಾನೆ. ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ, ಇಳಿದು, ಊರಿನ ಕಡೆ ನೋಡುತ್ತಾನೆ. ಆಮೇಲೆ ಮನೆಗೆ ಹೋಗೋಣ ಅನ್ನುತ್ತಾನೆ, ಲ್ಯಾರಿಗೆ.

ನೋಡಿ ಬರೆ. ಫೋನ್ ಬೇಡ, ಬರೆದೇ ಕಳಿಸು. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ
ಹಳೆಯ ರೂಂಮೇಟ್