ಪೇಪರ್ ಚೀಲ ಬದುಕಿ ಬಂತು ಮಾರಾಯ

ಮೆಂಡೋಜಾ, ಅರ್ಜೆಂಟೀನಾ

ಪ್ರೀತಿಯ ಗೆಳೆಯ,

ಮೊದಲು ನಮ್ಮ ದೋಸೆ ಪಂದ್ಯದ ಲೆಕ್ಕ. ಹೊರಡುವ ಮುಂಚೆ ನೀನು ನನ್ನ ಹೊಸ ಬ್ಯಾಗನ್ನು ಒಂದೇ ಬೆರಳಲ್ಲಿ ಎತ್ತಿ, "ಇದು ಬ್ಯಾಗಲ್ಲ, ಪೇಪರ್ ಚೀಲ. ಒಂದು ವಾರ ತಡೆಯಲ್ಲ" ಅಂದಿದ್ದೆ. ಹದಿನಾರು ದಿನ ಅಕೊಂಕಾಗುವಾ ಬೆಟ್ಟದಲ್ಲಿ ಹೊತ್ತು ತಿರುಗಿದೆ. ಬಟ್ಟೆ ಹರಿಯಲಿಲ್ಲ. ಆದರೆ ಬಟ್ಟೆ ಬಿಟ್ಟು ಉಳಿದದ್ದು ಒಂದೊಂದಾಗಿ ಕೈಕೊಟ್ಟಿತು.

ತುದಿ ಮುಟ್ಟಲಿಲ್ಲ. ಬೆಟ್ಟ 6961 ಮೀಟರ್. ಸುಮಾರು 6400 ಮೀಟರ್‌ನಲ್ಲಿ, ಇಂಡಿಪೆಂಡೆನ್ಸಿಯಾ ಎಂಬ ಮುರುಕು ಗುಡಿಸಲಿನ ಹತ್ತಿರ, ಗಾಳಿ ನಮ್ಮನ್ನು ವಾಪಸ್ ಕಳಿಸಿತು. ಆ ಕಥೆ ಎದುರಿಗೆ ಕೂತಾಗ.

ಕುಮಾರ ಪರ್ವತಕ್ಕೆ ಎರಡು ಸಲ ಹೊತ್ತು ಹೋಗಿದ್ದೇ ದೊಡ್ಡ ಪರೀಕ್ಷೆ ಅಂದುಕೊಂಡಿದ್ದೆ. ಅಲ್ಲಿ ಮಳೆ, ಹುಲ್ಲು, ಉಂಬಳ. ಇಲ್ಲಿ ಮೇಲೆ ಹೋದಂತೆ ಹುಲ್ಲಿನ ಕಡ್ಡಿಯೂ ಸಿಗಲ್ಲ. ಬರೀ ಪುಡಿಗಲ್ಲು, ಗಾಳಿ, ದೂಳು. ಆ ದೂಳು ಜಿಪ್ಪಿನ ಹಲ್ಲಿಗೆ ಸೇರಿಕೊಂಡು ಮೂರನೇ ದಿನಕ್ಕೇ ಮೇಲಿನ ಜೇಬು ಬಂದ್.

ಪ್ಲಾಸಾ ಡಿ ಮುಲಾಸ್ ಎಂಬ ಬೇಸ್ ಕ್ಯಾಂಪ್‌ವರೆಗೆ ಭಾರದ ಸಾಮಾನೆಲ್ಲ ಹೇಸರಗತ್ತೆ ಮೇಲೆ ಬರುತ್ತದೆ. ಅದು ಸುಮಾರು 4300 ಮೀಟರ್. ಅಲ್ಲಿಂದ ಮುಂದೆ ನಾವೇ ಕತ್ತೆ. ಒಂದು ದಿನ ಅರ್ಧ ಸಾಮಾನು ಮೇಲಿನ ಕ್ಯಾಂಪಿನಲ್ಲಿಟ್ಟು, ಕೆಳಗೆ ಬಂದು ಮಲಗಿ, ಆಮೇಲೆ ಉಳಿದರ್ಧ ಹೊತ್ತು ಹತ್ತಬೇಕು. ಟೆಂಟು, ಸ್ಟೌವಿನ ಎಣ್ಣೆ, ಊಟ, ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಚೂಪು ಹಲ್ಲಿನ ಕ್ರಾಂಪಾನು ಎಲ್ಲ ಸೇರಿ ನನ್ನ ಬೆನ್ನಿಗೆ 18 ಕಿಲೋ. ಬ್ಯಾಗಿನ ಚೀಟಿಯಲ್ಲಿ 13ಕ್ಕಿಂತ ಜಾಸ್ತಿ ಬೇಡ ಅಂತ ಬರೆದಿತ್ತು. ಓದಿದ್ದೆ, ಸುಮ್ನೆ ಬರೆಯುತ್ತಾರೆ ಅಂದುಕೊಂಡಿದ್ದೆ. ಎರಡನೇ ಸಲ ಹತ್ತುವಾಗ ಎಡ ಭುಜದ ಪಟ್ಟಿ ಬೆನ್ನಿಗೆ ಸೇರುವ ಕಡೆ ಹೊಲಿಗೆ ಒಂದಿಂಚು ಬಾಯಿ ಬಿಟ್ಟಿತು. ಟೆಂಟಿನಲ್ಲಿ ಕೂತು ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ದಾರದಲ್ಲಿ ಹೊಲಿದೆ. ಅಮ್ಮ ನೋಡಿದ್ದರೆ ನಗುತ್ತಿದ್ದಳು. ಆದರೂ ಕೊನೇವರೆಗೆ ನಿಂತಿತು.

ಬಟ್ಟೆಗೆ ನಿಜವಾದ ಪೆಟ್ಟು ಬಿದ್ದದ್ದು ನನ್ನ ತಪ್ಪಿನಿಂದ. ಕ್ರಾಂಪಾನಿಗೆ ಚೀಲ ಹಾಕದೆ ಒಳಗೆ ತುರುಕಿದ್ದೆ. ಒಂದು ಹಲ್ಲು ಬಟ್ಟೆ ತೂರಿ ಆಚೆ ಬಂತು. ಇದು 100 ಡೆನಿಯರ್ ನೈಲಾನು. ಅಂದರೆ ಆ ನೂಲು 9000 ಮೀಟರ್ ಉದ್ದಕ್ಕೆ 100 ಗ್ರಾಂ ತೂಗುತ್ತದೆ, ಅಷ್ಟು ಸಣ್ಣ. ಕೆಲಸ ಮುಗೀತು ಅಂದುಕೊಂಡೆ. ಆದರೆ ನಡುನಡುವೆ ಚೌಕ ಚೌಕವಾಗಿ ದಪ್ಪ ನೂಲು ಹೆಣೆದಿರುತ್ತಾರಲ್ಲ, ತೂತು ಆ ಗೆರೆಗೆ ಬಂದು ನಿಂತುಬಿಟ್ಟಿತು. ಮೇಲೊಂದು ಟೇಪು ಅಂಟಿಸಿದೆ. ಕೆಳಗೆ ಬಂದು ನೋಡಿದರೂ ತೂತು ಅಷ್ಟೇ ಇದೆ. ಪಕ್ಕದ ಬಲೆ ಜೇಬುಗಳ ಬಗ್ಗೆ ಮಾತ್ರ ಕೇಳಬೇಡ. ಒಂದು ಬಂಡೆಗೆ ಉಜ್ಜಿದ್ದಕ್ಕೇ ಮೀನಿನ ಬಲೆ ಆಯಿತು. ಪಾರ್ಕಿನ ಬಾಗಿಲಲ್ಲಿ ನಂಬರ್ ಹಾಕಿದ ಕಸದ ಚೀಲ ಕೊಡುತ್ತಾರೆ, ವಾಪಸ್ ತಂದು ತೋರಿಸಬೇಕು. ಜೇಬಿಲ್ಲದೆ ಅದನ್ನು ಹೊರಗಡೆ ನೇತುಹಾಕಿಕೊಂಡೇ ಇಳಿದೆ. ಮೇಲಿನ ಕ್ಯಾಂಪುಗಳಲ್ಲಿ ಮಾಡಿದ್ದನ್ನೂ ಕಟ್ಟಿ ತರಬೇಕು ಗೊತ್ತಾ? ಅದನ್ನು ಎಲ್ಲಿ ನೇತುಹಾಕಿದ್ದೆ ಅಂತ ಬರೆಯಲ್ಲ.

ಹೆಚ್ಚು ಕಾಡಿದ್ದು ಸೊಂಟದ ಬಕಲ್. ಕೊಲೆರಾ ಕ್ಯಾಂಪಿನಲ್ಲಿ, ಸುಮಾರು 5950 ಮೀಟರ್‌ನಲ್ಲಿ, ಬೆಳಗಿನ ಜಾವ ಕತ್ತಲಲ್ಲಿ ಅದರ ಮೇಲೆ ಕಾಲಿಟ್ಟೆ. ಚಳಿಗೆ ಸೆಟೆದಿದ್ದ ಪ್ಲಾಸ್ಟಿಕ್ಕು ಟಪ್ ಅಂತ ಮುರಿಯಿತು. ಪಟ್ಟಿಯ ತುದಿಗಳನ್ನು ಗಂಟು ಹಾಕಿಕೊಂಡೆ. ದಪ್ಪ ಗ್ಲೌಸಿನಲ್ಲಿ ಆ ಗಂಟು ಬಿಚ್ಚೋಕಾಗಲ್ಲ, ಗ್ಲೌಸ್ ತೆಗೆದರೆ ಬೆರಳು ಮರಗಟ್ಟುತ್ತದೆ. ನೀರು ಕುಡಿಯಬೇಕೆಂದರೂ ಜೊತೆಯವರಿಗೆ ಬೆನ್ನು ತೋರಿಸಿ ನಿಲ್ಲುತ್ತಿದ್ದೆ. ತೂಕ ಉಳಿಸುವ ಹುಚ್ಚಿಗೆ ಒಂದು ಸ್ಪೇರ್ ಬಕಲ್ ಬಿಟ್ಟು ಬಂದಿದ್ದೆ ನೋಡು!

ಮತ್ತೆ ಇದನ್ನೇ ಒಯ್ಯುತ್ತೀಯಾ ಅಂತ ಕೇಳುತ್ತೀಯ. ಹೌದು. ಹಳೇದು 2 ಕಿಲೋ 300 ಗ್ರಾಂ, ಇದು 950 ಗ್ರಾಂ. ಉಳಿದ ತೂಕದಲ್ಲಿ ಹೆಚ್ಚು ಕಡಿಮೆ ಎರಡು ದಿನದ ಒಣ ಊಟ ಬರುತ್ತದೆ. ಆದರೆ ಮುಂದಿನ ಸಲ ಬ್ಯಾಗಿಗಿಂತ ಮೊದಲು ಒಳಗಿನ ಸಾಮಾನು ಹಗುರ ಮಾಡಬೇಕು. ಆ ಹಳೇ ಟೆಂಟು ಇಟ್ಟುಕೊಂಡು ಹಗುರ ಬ್ಯಾಗ್ ಕೊಂಡದ್ದೇ ತಿರುಗುಮುರುಗು ಕೆಲಸ.

ಮುಂದಿನ ಶನಿವಾರ ಬೆಂಗಳೂರಿಗೆ ಬರುತ್ತೇನೆ. ದೋಸೆ ಬಿಲ್ಲು ಅರ್ಧ ಅರ್ಧ. ನಿನ್ನ ಅಟ್ಟದ ಮೇಲಿರುವ ಹರಕು ಬ್ಯಾಗಿನ ಸೊಂಟದ ಬಕಲ್ ಚೆನ್ನಾಗಿದ್ದರೆ ಬಿಚ್ಚಿಡು. ಎರಡಿದ್ದರೆ ಎರಡೂ.

ನಿನ್ನ,
ಕತ್ತೆ