ಬೆಳೆಸುವುದನ್ನಷ್ಟೇ ಅಲ್ಲ, ಉಳಿಸುವುದನ್ನೂ ಹೇಳಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಕೈತೋಟದ ಅಂಕಣಗಳಲ್ಲಿ ಬೀಜ, ಗೊಬ್ಬರ, ಬೇವಿನೆಣ್ಣೆ ಎಲ್ಲವೂ ಬರುತ್ತವೆ. ಕೊಯ್ದ ಮೇಲೇನು ಎಂಬುದು ಮಾತ್ರ ಅಪರೂಪ. ಏಪ್ರಿಲ್‌ನಲ್ಲಿ ಬುಟ್ಟಿಗಟ್ಟಲೆ ಹಂಚಿದವರೇ ಜುಲೈಯಲ್ಲಿ ಪೇಟೆಯಿಂದ ತರಕಾರಿ ಹೊತ್ತು ತರುತ್ತಾರೆ. ಕರಾವಳಿಯಲ್ಲಿ ಪತ್ತನಾಜೆ (ಮೇ ಕೊನೆಯ ಹೊತ್ತಿಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುವರ ದಿನ) ಕಳೆದರೆ ಬಿಸಿಲನ್ನು ನೆಚ್ಚುವಂತಿಲ್ಲ, ಆದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ಮಳೆಗಾಲಕ್ಕೆ ತೆಗೆದಿಡುವ ಮಂಗಳೂರು ಸೌತೆ ಬಳ್ಳಿಯಲ್ಲೇ ಪೂರ್ತಿ ಬಲಿತು ಹಳದಿಗೆ ತಿರುಗಿರಬೇಕು. ಎಳೆಯದನ್ನು ಕಟ್ಟಿಟ್ಟರೆ ಸುಕ್ಕುಗಟ್ಟಿ ಕೊಳೆಯುತ್ತದೆ. ಕೊಯ್ಯುವ ನಾಲ್ಕೈದು ದಿನ ಮೊದಲೇ ನೀರು ನಿಲ್ಲಿಸಿ. ಕಾಯನ್ನು ತಿರುಚಿ ಕೀಳದೆ, ಒಂದೆರಡು ಇಂಚು ತೊಟ್ಟು ಉಳಿಯುವಂತೆ ಚೂರಿಯಿಂದ ಕತ್ತರಿಸಿ. ತೊಟ್ಟು ಬುಡಸಮೇತ ಕಿತ್ತುಬಂದರೆ ಆ ಗಾಯದಿಂದಲೇ ಕೊಳೆ ಶುರು. ನೀರಲ್ಲಿ ತೊಳೆಯಬೇಡಿ, ಮಣ್ಣನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಬಾಳೆನಾರಿನಲ್ಲಿ ಒಂದೊಂದನ್ನೇ ಕಟ್ಟಿ, ಒಂದಕ್ಕೊಂದು ತಾಗದಂತೆ ಮಾಡಿನ ಪಕ್ಕಾಸಿಗೆ (ಹೆಂಚು ಹೊರುವ ಮರದ ಪಟ್ಟಿಗೆ) ತೂಗುಹಾಕಿ. ತಾರಸಿ ಮನೆಯವರಿಗೆ ಗಾಳಿಯಾಡುವ ಕಿಟಕಿಯ ಪಕ್ಕ ಒಂದು ಬಿದಿರಿನ ಕೋಲು ಕಟ್ಟಿಕೊಂಡರೂ ಆದೀತು. ವಾರಕ್ಕೊಮ್ಮೆ ಒತ್ತಿ ನೋಡಿ, ಮೆತ್ತಗಾಗತೊಡಗಿದ್ದನ್ನು ಮೊದಲು ಬಳಸಿ. ಬೂದುಗುಂಬಳಕ್ಕೂ ಇದೇ ಕ್ರಮ. ಅದರ ಮೈಮೇಲಿನ ಬೂದಿಯನ್ನು ಮಾತ್ರ ಒರೆಸಬಾರದು. ಅದು ಮೇಣದ ಹೊದಿಕೆ, ಒಳಗಿನ ನೀರು ಆರದಂತೆ ತಡೆಯುತ್ತದೆ.

ಬೆಂಡೆ, ಅಲಸಂಡೆಗಳದ್ದು ತಿರುಗುಮುರುಗು ಲೆಕ್ಕ. ದಿನ ಬಿಟ್ಟು ದಿನ ಕೊಯ್ಯಲೇಬೇಕು. ನಾಲ್ಕು ಕಾಯಿ ಬಲಿಯಲು ಬಿಟ್ಟರೆ ಗಿಡ ಬೀಜ ತುಂಬುವುದರಲ್ಲೇ ಮುಳುಗಿ ಹೂ ಬಿಡುವುದು ಕಡಿಮೆಯಾಗುತ್ತದೆ.

ಬಾಳಕ ಮೆಣಸು ಕೆಡುವುದು ಹೆಚ್ಚಾಗಿ ಅವಸರದಿಂದ. 1 ಕೆ.ಜಿ. ದಪ್ಪ, ಖಾರ ಕಡಿಮೆಯ ಹಸಿಮೆಣಸಿಗೆ ಸುಮಾರು 1 ಲೀಟರ್ ಹುಳಿ ಬಂದ ಗಟ್ಟಿ ಮೊಸರು, 100 ಗ್ರಾಂ ಕಲ್ಲುಪ್ಪು, ಸ್ವಲ್ಪ ಇಂಗು, ಓಮ. ಮೆಣಸನ್ನು ತೊಟ್ಟಿನೊಂದಿಗೇ ತೊಳೆದು, ನೀರಿನ ಪಸೆ ಆರಿದ ಮೇಲೆಯೇ ಒಂದು ಬದಿ ಸೀಳಿ. ಸೀಳಿ ತೊಳೆದರೆ ನೀರು ಒಳಗೇ ನಿಲ್ಲುತ್ತದೆ. ಒಂದು ಹಗಲು, ಒಂದು ರಾತ್ರಿ ಮೊಸರಲ್ಲಿ ನೆನೆಸಿ, ಬೆಳಗ್ಗೆ ಚಾಪೆಯ ಮೇಲೆ ಹರಡಿ, ಸಂಜೆ ಮತ್ತೆ ಅದೇ ಮೊಸರಿಗೆ ಹಾಕಿ. ಮೂರ್ನಾಲ್ಕು ದಿನದಲ್ಲಿ ಮೊಸರೆಲ್ಲ ಹೀರಿಕೊಂಡಿರುತ್ತದೆ. ಅಲ್ಲಿಂದ ಮುಂದೆ ಬರೀ ಬಿಸಿಲು. ಮೇಲೆ ಗರಿಗರಿ ಕಂಡ ಕೂಡಲೇ ಡಬ್ಬಕ್ಕೆ ತುಂಬುವವರೇ ಹೆಚ್ಚು, ಆದರೆ ಕೊನೆಗೆ ಒಣಗುವುದು ತೊಟ್ಟಿನ ಬುಡ. ಅಲ್ಲಿ ಬಗ್ಗಿಸಿದಾಗ ಲಟಕ್ಕನೆ ಮುರಿಯಬೇಕು, ಅಲುಗಿಸಿದರೆ ಬೀಜ ಸದ್ದು ಮಾಡಬೇಕು. ಬಿಸಿಲಿಂದ ತಂದು ಪೂರ್ತಿ ತಣಿದ ಮೇಲೆಯೇ ಮುಚ್ಚಳ ಹಾಕಿ, ಬಿಸಿಯಿದ್ದಾಗ ಮುಚ್ಚಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ನಡುವೆ ಮೋಡ ಕವಿದರೆ ಮೊಸರಲ್ಲಿದ್ದದ್ದನ್ನು ಫ್ರಿಜ್ಜಿಗೆ ಸೇರಿಸಿ, ಅರೆ ಒಣಗಿದ್ದನ್ನು ಫ್ಯಾನಿನಡಿ ಹರಡಿ. ಬೂಸ್ಟು ಬಂದದ್ದನ್ನು ಒರೆಸಿ ಪುನಃ ಒಣಗಿಸುವ ಅಭ್ಯಾಸ ಒಳ್ಳೆಯದಲ್ಲ. ಕೆಲವು ಬೂಸ್ಟಿನ ವಿಷ ಎಣ್ಣೆಯಲ್ಲಿ ಕರಿದರೂ ಹೋಗುವುದಿಲ್ಲ.

ಗೋರಿಕಾಯಿಯನ್ನು ಒಣಗಿಸುವ ಮುನ್ನ ಉಪ್ಪುನೀರಲ್ಲಿ ಎರಡು-ಮೂರು ನಿಮಿಷ ಕುದಿಸಿ ಬಸಿದುಕೊಳ್ಳಿ. ಹಸಿಯಾಗಿಯೇ ಒಣಗಿಸಿದರೆ ಹುಲ್ಲಿನ ವಾಸನೆ ಬಂದು ಬಣ್ಣವೂ ಕೆಡುತ್ತದೆ.

ಈಚೆಗೆ ಮೊಬೈಲ್‌ನಲ್ಲಿ ವಿದೇಶಿ ವಿಡಿಯೊ ನೋಡಿ ಬೀನ್ಸ್, ಮುಸುಕಿನ ಜೋಳವನ್ನು ಗಾಜಿನ ಬಾಟಲಿಗೆ ತುಂಬಿ, ಬಿಗಿ ಮುಚ್ಚಳ ಹಾಕಿ, ನೀರಲ್ಲಿ ಕುದಿಸಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಹುಳಿಯಿಲ್ಲದ ತರಕಾರಿಯಲ್ಲಿ, ಅಂದರೆ ಪಿ.ಎಚ್. (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 4.6ಕ್ಕಿಂತ ಮೇಲಿದ್ದಾಗ, ಗಾಳಿಯಿಲ್ಲದ ಬಾಟಲಿಯೊಳಗೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟುಮಾಡಬಲ್ಲದು. ಅದರ ಬೀಜಕಣಗಳು 100 ಡಿಗ್ರಿ ಕುದಿತಕ್ಕೆ ಜಗ್ಗುವುದಿಲ್ಲ. ಅಲ್ಲಿನವರು ಇದಕ್ಕೆಂದೇ ಮಾಡಿದ ಒತ್ತಡದ ಪಾತ್ರೆಯಲ್ಲಿ ಸುಮಾರು 115ರಿಂದ 121 ಡಿಗ್ರಿಯಲ್ಲಿ, ನಿಗದಿತ ಹೊತ್ತು ಬೇಯಿಸುತ್ತಾರೆ, ಅನ್ನ ಬೇಯಿಸುವ ನಮ್ಮ ಕುಕ್ಕರ್ ಅದಕ್ಕೆ ಬದಲಿಯಲ್ಲ. ಕೆಟ್ಟ ವಾಸನೆ, ರುಚಿ ಯಾವುದೂ ಇಲ್ಲದೆಯೂ ವಿಷ ಇರಬಹುದು. ಬೀನ್ಸ್ ಉಳಿಸಲೇಬೇಕೆಂದರೆ ಕುದಿನೀರಲ್ಲಿ 3 ನಿಮಿಷ ಹಾಕಿ, ತಣ್ಣೀರಿಗೆ ಎತ್ತಿ, ನೀರು ಬಸಿದು ಫ್ರೀಜರ್‌ನಲ್ಲಿಡಿ.

ತಮ್ಮ ಕೃಷಿ ಪುಟದಲ್ಲಿ ಫೆಬ್ರುವರಿಯಿಂದ ಮೇವರೆಗೆ ವಾರಕ್ಕೊಂದು ಕಾಲಂ ಇದಕ್ಕೆ ಮೀಸಲಿಡಬೇಕೆಂದು ಕೋರುತ್ತೇನೆ. ಅಳತೆ, ದಿನ ಖಚಿತವಾಗಿರಲಿ. ಬಾಟಲಿಯ ವಿಧಾನಗಳನ್ನು ಆಹಾರ ತಂತ್ರಜ್ಞರಿಗೆ ತೋರಿಸದೆ ದಯವಿಟ್ಟು ಅಚ್ಚು ಹಾಕಬೇಡಿ.

– ಓದುಗರು, ಪುತ್ತೂರು